ಹಣ್ಣು ಬೇಯಿಸಿದ್ಯೇನೇ?

ಒಲೆಯ ಮುಂದೆ ಹೆಚ್ಚು ಹೊತ್ತು ನಿಲ್ಲಬೇಕಿಲ್ಲದ ಅಡುಗೆಯೆಲ್ಲ ಸುಲಭದ ಅಡುಗೆ ಎಂದು ಬಹಳ ಕಾಲ ನಂಬಿದ್ದೆ. ಬ್ರೆಡ್ಡು ಕೆಂಪಗೆ ಸುಟ್ಟರಾಯಿತು, ಮೆತ್ತನೆಯ ಚೀಸ್ ಸವರಿದರಾಯಿತು, ಬೇಸಿಗೆಯ ಹಣ್ಣು ಹೆಚ್ಚಿ ಮೇಲಿಟ್ಟರಾಯಿತು. ಹುರಿಯುವುದಿಲ್ಲ, ರುಬ್ಬುವುದಿಲ್ಲ, ಒಗ್ಗರಣೆಯ ಗೊಡವೆಯಿಲ್ಲ. ಇಟಲಿಯಲ್ಲಿ ಇದರ ಹೆಸರು ಕ್ರೊಸ್ಟಿನಿ. ಬ್ರೆಡ್ಡನ್ನು ತೆಳ್ಳಗೆ ಕೊಯ್ದು ಗರಿಗರಿಯಾಗಿ ಸುಟ್ಟು, ರಿಕೊಟ್ಟಾದಂಥ ತಾಜಾ ಚೀಸ್ ಹಚ್ಚಿ, ಅಂಜೂರವನ್ನೋ ಪೀಚ್ ಹಣ್ಣನ್ನೋ ಇಟ್ಟು ಊಟಕ್ಕೆ ಮುಂಚೆ ಕೈಗೆ ಕೊಡುತ್ತಾರೆ. ಬೆಂಗಳೂರಿನಲ್ಲಿ ಗೆಳತಿಯೊಬ್ಬಳ ಮನೆಯಲ್ಲಿ ಇದನ್ನೇ ಬಾದಾಮಿ ಮಾವಿನ ಹಣ್ಣಿನೊಂದಿಗೆ ತಿಂದಿದ್ದೆ. ಹಲ್ಲಿಗೆ ಬ್ರೆಡ್ಡು ಕರುಂ ಎನ್ನಬೇಕು, ಅದರ ಹಿಂದೆಯೇ ಚೀಸಿನ ತಣ್ಣನೆಯ ಹಾಲು ರುಚಿ, ಅದಾದ ಮೇಲೆ ಹಣ್ಣಿನ ರಸ. ಮೂರೇ ಪದಾರ್ಥಗಳಲ್ಲಿ ಇಷ್ಟು ಸುಖವಿದೆಯೇ ಎಂದು ಬೆರಗಾಗಿದ್ದೆ. ಊರಿಗೆ ಹೋದಾಗ ದೊಡ್ಡಮ್ಮನಿಗೆ ಮಾಡಿಕೊಡಬೇಕೆಂದು ಆಗಲೇ ಅಂದುಕೊಂಡೆ.

ದೊಡ್ಡಮ್ಮನ ಮನೆ ಇರುವುದು ತೀರ್ಥಹಳ್ಳಿಯ ಹತ್ತಿರ. ಮೇ ತಿಂಗಳಲ್ಲಿ ಅಕ್ಕ ತಂಗಿಯರ ಮಕ್ಕಳೆಲ್ಲ ಅಲ್ಲಿ ಸೇರುವುದು ನಮ್ಮ ಕುಟುಂಬದ ರೂಢಿ. ಆ ಬೇಸಿಗೆಯಲ್ಲಿ ದೊಡ್ಡಮ್ಮ ದೊಡ್ಡ ಜ್ವರವೊಂದರಿಂದ ಎದ್ದಿದ್ದರಷ್ಟೇ. ಗಂಜಿ ಕುಡಿದು ಕುಡಿದು ನಾಲಿಗೆ ಸತ್ತಿದೆ ಎನ್ನುತ್ತಿದ್ದರು. ಏನು ಬಡಿಸಿದರೂ ಎರಡು ತುತ್ತು ತಿಂದು ತಟ್ಟೆ ಸರಿಸಿಬಿಡುತ್ತಿದ್ದರು. ಇಡೀ ಮನೆಗೆ ಅಡುಗೆ ಮಾಡಿ ಬಡಿಸಿದ ಜೀವ ಹಾಗೆ ಎಲೆಯ ಮುಂದೆ ಮಂಕಾಗಿ ಕೂರುವುದನ್ನು ನೋಡಲು ಆಗುತ್ತಿರಲಿಲ್ಲ. ಅವರಿಗೆ ಎಲ್ಲಕ್ಕಿಂತ ಇಷ್ಟವಾದ ಹಣ್ಣು ಅನಾನಸ್. ಸೊರಬ, ಬನವಾಸಿ ಕಡೆಯ ಅನಾನಸ್ ಬೇಸಿಗೆಯಲ್ಲಿ ನಮ್ಮ ಪೇಟೆಗೂ ಬರುತ್ತದೆ. ಅಣ್ಣ ನಾಲ್ಕಾರು ಹಣ್ಣು ತಂದು ಜಗಲಿಯ ಮೂಲೆಯಲ್ಲಿ ಇಟ್ಟಿದ್ದ. ಬಾಗಿಲು ತೆರೆದರೆ ಸಾಕು, ಪರಿಮಳ ಒಳಮನೆಯವರೆಗೂ ಬರುತ್ತಿತ್ತು. ಹಾಗಾಗಿ ಮಾವಿನ ಬದಲು ಅನಾನಸ್ ಎಂದು ತೀರ್ಮಾನಿಸಿದೆ. ತಪ್ಪಾದದ್ದು ಅಲ್ಲಿಂದಲೇ. ಆದರೆ ಅದು ಹಣ್ಣಿನ ತಪ್ಪಲ್ಲ.

ಹಿಂದಿನ ಸಂಜೆ ಎರಡು ಲೀಟರ್ ಹಾಲು ಕಾಯಿಸಿ, ನಿಂಬೆರಸ ಹಿಂಡಿ ಒಡೆಸಿದೆ. ತೆಳು ಬಟ್ಟೆಯಲ್ಲಿ ಸೋಸಿ, ಸ್ವಲ್ಪ ಹೊತ್ತು ತೂಗುಹಾಕಿ, ಇನ್ನೂ ಒದ್ದೆ ಇರುವಾಗಲೇ ಇಳಿಸಿಕೊಂಡೆ. ಒದ್ದೆ ಇದ್ದರೆ ಮೆತ್ತಗಿರುತ್ತದೆ ಎಂಬುದು ನನ್ನ ಲೆಕ್ಕ. ಅದಕ್ಕೆ ಉಪ್ಪು, ಒಂದಿಷ್ಟು ಕೆನೆ ಹಾಕಿ ಕಡೆದೆ. ಅನಾನಸ್ ಹಣ್ಣನ್ನು ಚಿಕ್ಕದಾಗಿ ಹೆಚ್ಚಿ, ಅರ್ಧವನ್ನು ಮಿಕ್ಸಿಗೆ ಹಾಕಿ ರಸ ಸಮೇತ ಚೀಸಿಗೆ ಬೆರೆಸಿದೆ. ರಾತ್ರಿಯಿಡೀ ಇದ್ದರೆ ಹಣ್ಣಿನ ರುಚಿ ಚೀಸಿಗೆ ಚೆನ್ನಾಗಿ ಹಿಡಿಯುತ್ತದೆ ಎಂದುಕೊಂಡು ಫ್ರಿಜ್ಜಿನಲ್ಲಿಟ್ಟೆ.

ಬೆಳಿಗ್ಗೆ ದೊಡ್ಡಮ್ಮ ಗೋಡೆ ಹಿಡಿದುಕೊಂಡು ಅಡುಗೆಮನೆಗೆ ಬಂದರು. ಫ್ರಿಜ್ಜಿನಲ್ಲಿದ್ದ ಪಾತ್ರೆಯ ಮುಚ್ಚಳ ಎತ್ತಿ ನೋಡಿ, “ಹಣ್ಣು ಬೇಯಿಸಿದ್ಯೇನೇ?” ಎಂದು ಕೇಳಿದರು.

“ಇದಕ್ಕೆ ಬೇಯಿಸೋದು ಬೇಡ ದೊಡ್ಡಮ್ಮ. ಹಸೀದೇ ಚೆಂದ” ಎಂದೆ.

ಅವರು ಒಂದು ಗಳಿಗೆ ಸುಮ್ಮನಿದ್ದು, “ಹೌದಾ” ಎಂದು ಮುಚ್ಚಳ ಮುಚ್ಚಿ ಹೊರಟುಹೋದರು. ಅವರು ಯಾಕೆ ಕೇಳಿದರು ಎಂದು ಯೋಚಿಸಲೂ ಇಲ್ಲ. ಗೊಜ್ಜು ಮಾಡುವವರಿಗೆ ಎಲ್ಲವನ್ನೂ ಬೇಯಿಸುವ ಅಭ್ಯಾಸ, ಅದಕ್ಕೇ ಕೇಳಿದರು ಎಂದಷ್ಟೇ ಎಣಿಸಿದೆ. ಈಗ ನೆನಪಾದಾಗ ಟೋಸ್ಟು ಕೆಟ್ಟದ್ದಕ್ಕಿಂತ ಆ ನನ್ನ ಉತ್ತರವೇ ಹೆಚ್ಚು ನೋಯಿಸುತ್ತದೆ.

ಮಧ್ಯಾಹ್ನ ಗುಡುಗು ಮಳೆ ಬಂದು ಕರೆಂಟು ಹೋಯಿತು. ಸಂಜೆ ಎಲ್ಲರೂ ಒಟ್ಟಿಗೆ ಕೂರುವ ಹೊತ್ತಿಗೆ ಸಿದ್ಧವಿರಲಿ ಎಂದು ಮೂರು ಗಂಟೆಗೇ ಬ್ರೆಡ್ಡು ಸುಟ್ಟು, ಬಿಸಿಬಿಸಿ ಇರುವಾಗಲೇ ಡಬ್ಬಿಗೆ ತುಂಬಿ ಮುಚ್ಚಿದೆ. ನಾಲ್ಕೂವರೆಗೆ ಚೀಸ್ ಹೊರತೆಗೆದರೆ ಹಿಂದಿನ ರಾತ್ರಿ ಇದ್ದ ಹದ ಇರಲಿಲ್ಲ. ಮಜ್ಜಿಗೆಯ ಹಾಗೆ ಸಡಿಲವಾಗಿತ್ತು, ಅಂಚಿನಲ್ಲಿ ತಿಳಿನೀರು ನಿಂತಿತ್ತು. ನೀರು ಬಸಿದು, ಇನ್ನಷ್ಟು ಕಡೆದು, ಟೋಸ್ಟಿನ ಮೇಲೆ ಸವರಿ, ಉಳಿದ ಹಣ್ಣಿನ ತುಂಡು, ಜೇನುತುಪ್ಪ, ಉಪ್ಪು ಹಾಕಿ ದೊಡ್ಡ ಹರಿವಾಣದಲ್ಲಿ ಜೋಡಿಸಿದೆ. ರುಚಿ ನೋಡಲಿಲ್ಲ. ಅನಾನಸಿನ ಪರಿಮಳ ಅಷ್ಟು ಚೆನ್ನಾಗಿ ಬರುತ್ತಿದ್ದಾಗ ರುಚಿ ನೋಡಬೇಕೆಂದೇ ಹೊಳೆಯಲಿಲ್ಲ.

ಮೊದಲು ಬಾಯಿಗಿಟ್ಟದ್ದು ಅಣ್ಣನ ಮಗಳು. “ಕಹಿ ಅತ್ತೆ” ಎಂದು ಅಂಗೈಗೆ ಉಗಿದಳು. ದೊಡ್ಡವರು ಒಂದೊಂದು ತುಂಡು ಕಚ್ಚಿ, ಮುಖ ನೋಡಿಕೊಂಡು, ಮೆಲ್ಲಗೆ ತಟ್ಟೆಗಿಟ್ಟರು. ನಾನೂ ತಿಂದು ನೋಡಿದೆ. ಮೊದಲು ಸಿಹಿ, ಆಮೇಲೆ ಹುಳಿ. ನುಂಗಿದ ಮೇಲೆ ಗಂಟಲಿನ ಹತ್ತಿರ ಕಹಿ ಎದ್ದು ಬಂದು ನಿಂತುಬಿಟ್ಟಿತು, ನೀರು ಕುಡಿದರೂ ಹೋಗಲಿಲ್ಲ. ಬ್ರೆಡ್ಡು ಮೆತ್ತಗಾಗಿ ನಡುವೆ ಬಾಗಿ, ಹಿಡಿದರೆ ಮೇಲಿದ್ದುದೆಲ್ಲ ಜಾರುತ್ತಿತ್ತು. ದೊಡ್ಡಮ್ಮ ಮಾತ್ರ ತಮ್ಮ ಪಾಲಿನ ತುಂಡನ್ನು ಪೂರ್ತಿ ತಿಂದು ಮುಗಿಸಿದರು. ಎರಡು ವಾರದಿಂದ ಯಾವುದನ್ನೂ ಮುಗಿಸದವರು ನಾನು ಮಾಡಿದ್ದೆಂಬ ಒಂದೇ ಕಾರಣಕ್ಕೆ ಆ ಕಹಿಯನ್ನು ಮುಗಿಸಿದರು. “ಕೇಳಿದ್ನಲ್ಲ” ಎನ್ನಬಹುದಿತ್ತು. ಒಂದು ಮಾತೂ ಆಡಲಿಲ್ಲ.

ಹಾಲು ಹಳಸಿತ್ತು, ಕರೆಂಟು ಹೋದದ್ದರಿಂದ ಹೀಗಾಯಿತು ಎಂದು ಅಣ್ಣ ಸಮಾಧಾನ ಹೇಳಿದ. ಆ ಸಮಾಧಾನವನ್ನು ಒಪ್ಪಿಕೊಂಡುಬಿಡುವುದು ಸುಲಭವಿತ್ತು. ಆದರೆ ಹಾಲು ಹಳಸಿದರೆ ಬರುವ ವಾಸನೆ ಅದರಲ್ಲಿ ಇರಲಿಲ್ಲ. ಅನಾನಸ್ ಬೆರೆಸದೆ ಬೇರೆ ಬಟ್ಟಲಿನಲ್ಲಿ ಉಳಿಸಿದ್ದ ಚೀಸ್ ಅದೇ ಫ್ರಿಜ್ಜಿನಲ್ಲಿ, ಅದೇ ಮಧ್ಯಾಹ್ನ ಕಳೆದು ಹಾಲಿನಷ್ಟೇ ಸಿಹಿಯಾಗಿತ್ತು. ಕರೆಂಟಿನ ಮೇಲೆ ಹೊರಿಸಲು ಏನೂ ಉಳಿಯಲಿಲ್ಲ.

ಮರುದಿನ ಬೆಳಿಗ್ಗೆ ದೊಡ್ಡಮ್ಮನ ಹತ್ತಿರ ಕೂತು, ಯಾಕೆ ಹಾಗೆ ಕೇಳಿದಿರಿ ಎಂದು ಕೇಳಿದೆ. ಅವರ ಉತ್ತರ ಸರಳವಾಗಿತ್ತು. ಅನಾನಸ್ ಸಾಸಿವೆ ಮಾಡುವಾಗ ಅವರ ಅತ್ತೆ ಹಣ್ಣನ್ನು ಬೆಲ್ಲ ಹಾಕಿ ಬೇಯಿಸಿ, ಪೂರ್ತಿ ಆರಿಸಿ, ಆಮೇಲೆ ತೆಂಗಿನಕಾಯಿ ಸಾಸಿವೆ ರುಬ್ಬಿದ್ದನ್ನೂ ಮೊಸರನ್ನೂ ಸೇರಿಸುತ್ತಿದ್ದರಂತೆ. ಅವಸರದಲ್ಲಿ ಒಮ್ಮೆ ಹಸಿ ಹಣ್ಣನ್ನೇ ಹಾಕಿದ ಸೊಸೆಗೆ ಬೈಸಿಕೊಳ್ಳುವುದೂ ಆಗಿತ್ತು. “ಹಸೀದು ಹಾಕಿದ್ರೆ ಮೊಸರು ನೀರಾಗ್ತದೆ, ತುಸು ಹೊತ್ತಿಗೆ ಕಹಿ ಹೊಡೀತದೆ. ಹಸಿ ಅನಾನಸ್ ಉಷ್ಣ ಬೇರೆ” ಎಂದರು. ಚೀಸಿಗೂ ಹಾಗೇ ಆಗುತ್ತದೋ ಇಲ್ಲವೋ ಅವರಿಗೆ ಖಾತ್ರಿ ಇರಲಿಲ್ಲ. ಅದಕ್ಕೇ ಆಗಬಾರದು ಎನ್ನದೆ, ಬೇಯಿಸಿದ್ಯಾ ಎಂದಷ್ಟೇ ಕೇಳಿದ್ದರು.

ಅಂದೇ ಇಬ್ಬರೂ ಸೇರಿ ಪರೀಕ್ಷೆ ಮಾಡಿದೆವು. ಎರಡು ಬಟ್ಟಲಿಗೆ ಒಂದೇ ಮೊಸರು ಹಾಕಿ, ಒಂದಕ್ಕೆ ಹಸಿ ಅನಾನಸ್, ಇನ್ನೊಂದಕ್ಕೆ ಚೆನ್ನಾಗಿ ಬೆಂದ ಅನಾನಸ್ ಸೇರಿಸಿ ಕಟ್ಟೆಯ ಮೇಲಿಟ್ಟೆವು. ಮಧ್ಯಾಹ್ನದ ಊಟದ ಹೊತ್ತಿಗೆ ಹಸಿ ಹಣ್ಣಿನ ಬಟ್ಟಲು ತೆಳುವಾಗಿತ್ತು, ನಾಲಿಗೆಗಿಟ್ಟರೆ ಹಿಂದಿನ ದಿನದ ಅದೇ ಕಹಿ. ಬೇಯಿಸಿದ ಹಣ್ಣಿನದು ಹದವಾಗಿ ಹಾಗೇ ಇತ್ತು. ದೊಡ್ಡಮ್ಮ ಅದಕ್ಕೆ ಉಪ್ಪು ಹಾಕಿ, ಸಾಸಿವೆ ಒಗ್ಗರಣೆ ಕೊಟ್ಟು ಅನ್ನಕ್ಕೆ ಕಲಸಿಕೊಂಡರು. ಕಾಯಿಲೆ ಬಿದ್ದ ಮೇಲೆ ಅವರು ಒಗ್ಗರಣೆ ಸೌಟು ಹಿಡಿದದ್ದು ಅಂದೇ ಮೊದಲು.

ಇದರ ಹಿಂದಿನ ಕಾರಣವನ್ನು ಬೆಂಗಳೂರಿಗೆ ಬಂದ ಮೇಲೆ ಓದಿ ತಿಳಿದುಕೊಂಡೆ. ಅನಾನಸಿನಲ್ಲಿ ಬ್ರೊಮೆಲೈನ್ ಎಂಬ ಕಿಣ್ವವಿದೆ, ನಿಜವಾಗಿ ಕಿಣ್ವಗಳ ಗುಂಪೇ ಇದೆ. ವೆನೆಜುವೆಲಾದ ರಸಾಯನ ವಿಜ್ಞಾನಿ ವಿಸೆಂಟೆ ಮಾರ್ಕಾನೊ 1891ರಲ್ಲಿ ಅದನ್ನು ಹಣ್ಣಿನ ರಸದಿಂದ ಬೇರ್ಪಡಿಸಿದ. ಪ್ರೊಟೀನನ್ನು ತುಂಡರಿಸುವುದು ಅದರ ಕೆಲಸ. ಹಸಿ ಅನಾನಸ್ ಹೆಚ್ಚು ತಿಂದಾಗ ನಾಲಿಗೆ ಚುರುಗುಟ್ಟುವುದರಲ್ಲೂ ಅದರ ಕೈವಾಡವಿದೆ. ಜೆಲಾಟಿನ್ ಹಾಕಿದ ಸಿಹಿಗೆ ತಾಜಾ ಅನಾನಸ್ ಸೇರಿಸಿದರೆ ಅದು ಗಟ್ಟಿಯಾಗದೆ ನೀರಾಗಿಯೇ ಉಳಿಯುವುದೂ ಇದರಿಂದಲೇ, ಏಕೆಂದರೆ ಜೆಲಾಟಿನ್ ಕೂಡ ಪ್ರೊಟೀನೇ.

ಹಾಲಿನ ಪ್ರೊಟೀನಿನಲ್ಲಿ ಬಹುಪಾಲು ಕೇಸೀನ್. ಸುಮಾರು 6.7 ಇರುವ ಹಾಲಿನ ಪಿಎಚ್ ನಿಂಬೆರಸದಿಂದ ಇಳಿಯುತ್ತ 4.6ರ ಆಸುಪಾಸಿಗೆ ಬಂದರೆ ಕೇಸೀನ್ ಕಣಗಳು ಪರಸ್ಪರ ಅಂಟಿಕೊಂಡು ಗಡ್ಡೆಯಾಗುತ್ತವೆ. ಹಾಲು ಬಿಸಿಯಾಗಿದ್ದರೆ ಅಷ್ಟು ಇಳಿಯುವ ಮುಂಚೆಯೇ ಒಡೆಯುತ್ತದೆ. ಪನೀರಿನ ಹುಟ್ಟೂ ಹೀಗೇ, ನಮ್ಮ ಮನೆಯ ಮೆತ್ತನೆಯ ಚೀಸಿನ ಹುಟ್ಟೂ ಹೀಗೇ. ಯುರೋಪಿನ ಬಹಳಷ್ಟು ಚೀಸುಗಳಲ್ಲಿ ಈ ಕೆಲಸವನ್ನು ಮಾಡುವುದು ರೆನೆಟ್, ಅಂದರೆ ಕರುವಿನ ಹೊಟ್ಟೆಯಿಂದ ತೆಗೆಯುತ್ತಿದ್ದ ಕಿಣ್ವ. ರೆನೆಟ್ ಕೂಡ ಪ್ರೊಟೀನನ್ನು ಕತ್ತರಿಸುವಂಥದ್ದೇ. ಹಾಗಿದ್ದರೆ ಅದು ಚೀಸ್ ಕಟ್ಟುತ್ತದೆ, ಅನಾನಸ್ ಚೀಸ್ ಕೆಡಿಸುತ್ತದೆ, ಯಾಕೆ? ರೆನೆಟ್ ಮುಖ್ಯವಾಗಿ ಕೇಸೀನಿನ ಒಂದೇ ಒಂದು ನಿರ್ದಿಷ್ಟ ಜಾಗದಲ್ಲಿ ಕತ್ತರಿ ಹಾಕುತ್ತದೆ. ಅಷ್ಟಕ್ಕೇ ಕಣಗಳು ತಮ್ಮ ಹೊರಗಿನ ರಕ್ಷಣೆ ಕಳೆದುಕೊಂಡು ಒಂದಕ್ಕೊಂದು ಕೂಡಿಕೊಳ್ಳುತ್ತವೆ. ದರ್ಜಿ ಅಂಗಿಯ ಒಂದು ಹೊಲಿಗೆ ಬಿಚ್ಚಿ ಸರಿಮಾಡುವುದಕ್ಕೂ ಇಡೀ ಬಟ್ಟೆಯನ್ನು ಚಿಂದಿ ಮಾಡುವುದಕ್ಕೂ ಇರುವ ವ್ಯತ್ಯಾಸವೇ ಇಲ್ಲಿರುವುದು. ಬ್ರೊಮೆಲೈನ್ ಸಿಕ್ಕಸಿಕ್ಕಲ್ಲಿ ಕತ್ತರಿಸುತ್ತದೆ. ಗಡ್ಡೆ ಕಟ್ಟಿದ ಪ್ರೊಟೀನು ತುಂಡಾಗಿ ಹಿಡಿದಿಟ್ಟ ನೀರನ್ನು ಬಿಟ್ಟುಕೊಡುತ್ತದೆ. ಕೇಸೀನಿನ ಆ ಚಿಕ್ಕ ತುಂಡುಗಳಲ್ಲಿ ಕೆಲವು ನಾಲಿಗೆಗೆ ಬಲು ಕಹಿ. ಹುಳಿ ಹಣ್ಣು, ಸಿಹಿ ಹಾಲು ಸೇರಿದ ಪಾತ್ರೆಯಲ್ಲಿ ಕಹಿ ಹುಟ್ಟಿದ್ದು ಹೀಗೆ.

ಫ್ರಿಜ್ಜಿನ ತಂಪು ಕಿಣ್ವವನ್ನು ಕೊಲ್ಲುವುದಿಲ್ಲ, ನಿಧಾನ ಮಾಡುತ್ತದೆ ಅಷ್ಟೇ. ನಾನು ಅದಕ್ಕೆ ಇಡೀ ರಾತ್ರಿ ಸಮಯ ಕೊಟ್ಟಿದ್ದೆ. ಅದನ್ನು ಅಡಗಿಸುವುದು ಶಾಖ. 70 ಡಿಗ್ರಿ ಸೆಲ್ಸಿಯಸ್ ದಾಟಿ ಕೆಲವು ನಿಮಿಷ ಬೆಂದರೆ ಅದರ ಶಕ್ತಿಯ ಬಹುಪಾಲು ಹೋಗುತ್ತದೆ, ಕುದಿ ಬಂದ ಗೊಜ್ಜಿನಲ್ಲಿ ಏನೂ ಉಳಿಯುವುದಿಲ್ಲ. ಡಬ್ಬಿಯ ಅನಾನಸ್ ಹಾಕಿದ ಫ್ರೂಟ್ ಸಲಾಡ್ ಕಹಿಯಾಗದೇ ಇರುವುದೂ ಡಬ್ಬಿಗೆ ತುಂಬುವಾಗ ಹಣ್ಣಿಗೆ ಶಾಖ ಕೊಟ್ಟಿರುವುದರಿಂದ. ಕೇರಳದ ಅನಾನಸ್ ಪಚಡಿಯಲ್ಲೂ ಹಣ್ಣು ಮೊದಲು ಬೇಯುತ್ತದೆ, ಮೊಸರು ಬರುವುದು ಕೊನೆಗೆ. ಅನಾನಸ್ ನಮ್ಮ ನೆಲದ ಹಣ್ಣಲ್ಲ. ದಕ್ಷಿಣ ಅಮೆರಿಕದ ಈ ಬೆಳೆಯನ್ನು 16ನೇ ಶತಮಾನದಲ್ಲಿ ಪೋರ್ಚುಗೀಸರು ಇಲ್ಲಿಗೆ ತಂದರು. ಹೊರಗಿನಿಂದ ಬಂದ ಹಣ್ಣಿನ ಸ್ವಭಾವವನ್ನು ಪಶ್ಚಿಮ ಘಟ್ಟದ ಎರಡೂ ಬದಿಯ ಅಡುಗೆಯವರು ನಾಲಿಗೆಯಿಂದಲೇ ಅರಿತು, ಬೇಯಿಸುವ ಕ್ರಮವನ್ನು ಸೊಸೆಯರಿಗೆ ದಾಟಿಸಿದರು. ದೊಡ್ಡಮ್ಮನ ಪ್ರಶ್ನೆಯಲ್ಲಿ ಅಷ್ಟೂ ಇತ್ತು. ಹೊಸ ತಿಂಡಿ ಮಾಡುವ ಹುರುಪಿನಲ್ಲಿ ನನಗೆ ಅದು ಬರೀ ಹಳೆ ಅಭ್ಯಾಸವಾಗಿ ಕೇಳಿಸಿತು. ತಿಂಡಿ ಹೊಸದಾದರೂ ಹಣ್ಣು ಅವರಿಗೆ ಹಳೆಯದು, ಅದರ ಗುಣ ಬಲ್ಲವರು ಎದುರಿಗೇ ನಿಂತಿದ್ದರು.

ಹಾಗೆಂದು ಅವರು ಹೇಳಿದ್ದೆಲ್ಲವನ್ನೂ ಒಪ್ಪಿಕೊಂಡೆ ಎಂದಲ್ಲ. ಹಾಲು ಮತ್ತು ಹಣ್ಣು ಯಾವತ್ತೂ ಒಂದಕ್ಕೊಂದು ಸೇರುವುದಿಲ್ಲ ಎಂದು ದೊಡ್ಡಮ್ಮ ಮಾವಿನ ಹಣ್ಣಿಗೂ ಅದೇ ನಿಯಮ ಹೇಳುತ್ತಾರೆ. ಅದನ್ನು ನಾನು ಒಪ್ಪುವುದಿಲ್ಲ. ಬೆಳಗಾವಿ, ಧಾರವಾಡದ ಮನೆಗಳಲ್ಲಿ ಬಟ್ಟೆಯಲ್ಲಿ ಕಟ್ಟಿದ ಮೊಸರಿನ ಶ್ರೀಖಂಡಕ್ಕೆ ಮಾವಿನ ತಿರುಳು ಬೆರೆಸಿ ಆಮ್ರಖಂಡ ಮಾಡುತ್ತಾರೆ, ಮರುದಿನಕ್ಕೂ ಅದು ಕೆಡುವುದಿಲ್ಲ. ಕಳಿತ ಮಾವಿನಲ್ಲಿ ಅನಾನಸಿನಂಥ ಕತ್ತರಿಯ ಕಾಟವಿಲ್ಲ. ಅಂಜೂರದಲ್ಲಿ ಇದೆ. ಅದರ ಹಾಲಿನಂಥ ಸೊನೆಯಲ್ಲಿ ಫಿಸಿನ್ ಎಂಬ ಕಿಣ್ವವಿದ್ದು, ಪ್ರಾಚೀನ ಗ್ರೀಕರು ಆ ಸೊನೆಯಿಂದಲೇ ಹಾಲು ಹೆಪ್ಪುಗಟ್ಟಿಸುತ್ತಿದ್ದರು. ಹೋಮರನ ಇಲಿಯಡ್‌ನಲ್ಲೂ ಅದರ ಪ್ರಸ್ತಾಪವಿದೆ. ಚೆನ್ನಾಗಿ ಕಳಿತ ಅಂಜೂರದಲ್ಲಿ ಸೊನೆ ಕಡಿಮೆ. ಶ್ರೀರಂಗಪಟ್ಟಣದ ಗಂಜಾಮಿನ ಅಂಜೂರವೋ ಬಳ್ಳಾರಿಯದೋ ಸಿಕ್ಕರೆ ಚೀಸಿನ ಮೇಲಿಟ್ಟು ಆಗಲೇ ತಿನ್ನಬಹುದು, ಕಲಸಿ ಇಡಬಾರದು. ಕಿವಿ ಹಣ್ಣಿಗೂ ಇದೇ ಎಚ್ಚರ ಬೇಕು. ಪಪ್ಪಾಯಿ ಕಾಯಿಯನ್ನು ಮಾಂಸ ಮೆದುವಾಗಲೆಂದು ಹಚ್ಚುತ್ತಾರಲ್ಲ, ಅದೂ ಈ ಬಗೆಯ ಕಿಣ್ವದ ಬಲದಿಂದಲೇ.

ಕಹಿಯ ಕಾರಣ ತಿಳಿಯಿತು. ಬ್ರೆಡ್ಡು ಮೆತ್ತಗಾದದ್ದಕ್ಕೆ ಅನಾನಸ್ ಒಂದನ್ನೇ ದೂರಿದರೆ ಅನ್ಯಾಯವಾಗುತ್ತದೆ. ಬಿಸಿ ಟೋಸ್ಟನ್ನು ಡಬ್ಬಿಯಲ್ಲಿ ಮುಚ್ಚಿದ್ದೆ. ಒಳಗಿನ ಆವಿ ಹೋಗಲು ದಾರಿಯಿಲ್ಲದೆ ಬ್ರೆಡ್ಡಿಗೇ ವಾಪಸ್ಸಾಯಿತು. ಮಳೆ ಬಂದ ಮಲೆನಾಡಿನ ಮೇ ಸಂಜೆಯಲ್ಲಿ ಗಾಳಿಯೇ ಒದ್ದೆ, ಹಪ್ಪಳವನ್ನು ಹೊರಗಿಟ್ಟರೂ ಮೆತ್ತಗಾಗುತ್ತದೆ. ಸಾಲದ್ದಕ್ಕೆ ಹೆಚ್ಚಿದ ಹಣ್ಣಿನ ಮೇಲೆ ಉಪ್ಪು, ಜೇನು ಎರಡನ್ನೂ ಬಹಳ ಮುಂಚೆ ಹಾಕಿದ್ದೆ. ಇವೆರಡೂ ಹಣ್ಣಿನೊಳಗಿನ ನೀರನ್ನು ಹೊರಗೆಳೆಯುತ್ತವೆ. ಸರಿಯಾಗಿ ಬಸಿಯದ ಚೀಸಿನ ನೀರು ಅದಕ್ಕೆ ಸೇರಿತು. ಎಲ್ಲ ನೀರೂ ಕೆಳಗಿಳಿದು ಸೇರಿದ್ದು ಬ್ರೆಡ್ಡಿನೊಳಕ್ಕೆ.

ಬ್ರೆಡ್ಡಿನ ಪಾಠವನ್ನು ನಾನು ಇಟಲಿಯ ಪುಸ್ತಕದಲ್ಲಿ ಹುಡುಕಬೇಕಿರಲಿಲ್ಲ. ಹಾಸನ ಸೀಮೆಯಿಂದ ಬೆಂಗಳೂರಿಗೆ ಬಂದ ಅಯ್ಯಂಗಾರ್ ಕುಟುಂಬಗಳ ಬೇಕರಿಗಳಲ್ಲಿ ಚಿಕ್ಕಂದಿನಿಂದ ಮಸಾಲೆ ಟೋಸ್ಟು ತಿಂದವಳು ನಾನು. ಅಲ್ಲಿ ಈರುಳ್ಳಿ, ಟೊಮೆಟೊ, ಕ್ಯಾರೆಟ್ಟಿನ ಪಲ್ಯವನ್ನು ನೀರೆಲ್ಲ ಇಂಗುವ ತನಕ ಬಾಡಿಸಿಟ್ಟಿರುತ್ತಾರೆ. ನಾವು ಕೇಳಿದ ಮೇಲೆ ಬ್ರೆಡ್ಡಿಗೆ ಬೆಣ್ಣೆ ಸವರಿ ಕಾವಲಿಯ ಮೇಲೆ ಹಾಕುತ್ತಾರೆ. ಪಲ್ಯ ಹಚ್ಚಿ ಕಾಗದದ ಮೇಲಿಟ್ಟು ಕೈಗೆ ಕೊಟ್ಟರೆ ನಿಂತಲ್ಲೇ ತಿಂದು ಮುಗಿಸುತ್ತೇವೆ. ಪಲ್ಯದ ನೀರು ತೆಗೆಯುವುದು, ಬೆಣ್ಣೆಯ ಪದರ ಕೊಡುವುದು, ಗಿರಾಕಿ ಬಂದ ಮೇಲೆ ಜೋಡಿಸುವುದು, ಎಲ್ಲ ಅಲ್ಲೇ ಇತ್ತು. ಕ್ರೊಸ್ಟಿನಿ ಎಂಬ ಹೆಸರು ಬಂದ ಕೂಡಲೇ ಅದನ್ನು ಬೇರೆಯೇ ಲೋಕದ ತಿಂಡಿ ಎಂದುಕೊಂಡು ಕಣ್ಣೆದುರಿಗಿದ್ದದ್ದನ್ನು ಮರೆತಿದ್ದೆ.

ಈಗ ನಾನು ಮಾಡುವ ಬಗೆ ಹೇಳುತ್ತೇನೆ. ಒಂದು ಲೀಟರ್ ಫುಲ್ ಕ್ರೀಮ್ ಹಾಲು, ಅಂದರೆ ಕೊಬ್ಬು 6 ಪ್ರತಿಶತ ಇರುವಂಥದ್ದು. 3 ಪ್ರತಿಶತದ ಟೋನ್ಡ್ ಹಾಲಿನಲ್ಲೂ ಆಗುತ್ತದೆ, ಆದರೆ ಚೀಸ್ ಒಣಒಣ ಎನಿಸುತ್ತದೆ. ತಳ ಹಿಡಿಯದಂತೆ ಕೈಯಾಡಿಸುತ್ತ ಕಾಯಿಸಿ, ಅಂಚಿನಲ್ಲಿ ಸಣ್ಣ ಗುಳ್ಳೆ ಎದ್ದು ಉಕ್ಕುವ ಮುಂಚೆ ಒಲೆ ಆರಿಸಬೇಕು. ಎರಡು ನಿಮಿಷ ಬಿಟ್ಟು, ಎರಡು ಮೂರು ದೊಡ್ಡ ಚಮಚ ನಿಂಬೆರಸಕ್ಕೆ ಅಷ್ಟೇ ನೀರು ಬೆರೆಸಿ, ಸ್ವಲ್ಪ ಸ್ವಲ್ಪವೇ ಹಾಕುತ್ತ ಮೆಲ್ಲಗೆ ತಿರುಗಿಸಬೇಕು. ಹಸಿರು ಛಾಯೆಯ ತಿಳಿನೀರು ಬೇರೆಯಾದದ್ದು ಕಂಡ ಕೂಡಲೇ ನಿಂಬೆರಸ ನಿಲ್ಲಿಸಬೇಕು. ಮತ್ತೆ ಕುದಿಸಿದರೆ, ಸೌಟಿನಿಂದ ಬಡಿದರೆ ಗಡ್ಡೆ ರಬ್ಬರಿನಂತಾಗುತ್ತದೆ. ಹತ್ತು ನಿಮಿಷ ಮುಚ್ಚಿಟ್ಟು, ಹಳೆಯ ಹತ್ತಿ ಪಂಚೆಯ ತುಂಡಿಗೆ ಸುರಿದು, ಗಂಟು ಕಟ್ಟಿ ನಲ್ಲಿಗೆ ತೂಗುಹಾಕಿದರೆ ಮುಕ್ಕಾಲು ಗಂಟೆಯಲ್ಲಿ ತೊಟ್ಟಿಕ್ಕುವುದು ನಿಲ್ಲುತ್ತದೆ. ಮೇಲೆ ಭಾರ ಹೇರಬಾರದು, ಹೇರಿದರೆ ಪನೀರಾಗುತ್ತದೆ. ಆಮೇಲೆ ಉಪ್ಪು ಹಾಕಿ ಅಂಗೈಯಿಂದ ನುಣ್ಣಗೆ ನಾದಿ, ಗಟ್ಟಿ ಎನಿಸಿದರೆ ಮಾತ್ರ ಒಂದು ಚಮಚ ಕೆನೆ ಸೇರಿಸಬೇಕು. ಮೆತ್ತಗಾಗಲು ಕೆನೆ ಬೇಕು, ನೀರಲ್ಲ. ನಾನು ಮೊದಲು ಅದನ್ನೇ ತಿರುವುಮುರುವು ಮಾಡಿದ್ದೆ. ನಿಜವಾದ ರಿಕೊಟ್ಟಾ ಮಾಡುವುದು ಬೇರೆ ಚೀಸ್ ಮಾಡಿ ಉಳಿದ ತಿಳಿನೀರನ್ನು ಮತ್ತೆ ಕಾಯಿಸಿ. ಬೆಂಗಳೂರಿನಲ್ಲಿ ವಲ್ಲೊಂಬ್ರೋಸಾ ಪಂಥದ ಬೆನೆಡಿಕ್ಟೈನ್ ಸನ್ಯಾಸಿಗಳು ಇಟಲಿಯ ಬಗೆಯ ಚೀಸುಗಳನ್ನು ಮಾಡುತ್ತಾರೆ. ಕೊಳ್ಳುವ ಅನುಕೂಲ ಇದ್ದವರು ಅಂಥದ್ದನ್ನು ಕೊಳ್ಳಬಹುದು. ನನಗೆ ಮನೆಯದೇ ಸಾಕು. ಸೋಸಿದ ತಿಳಿನೀರನ್ನು ಚೆಲ್ಲಬೇಡಿ, ಚಪಾತಿ ಹಿಟ್ಟು ಕಲಸಲು ಅದಕ್ಕಿಂತ ಒಳ್ಳೆಯದಿಲ್ಲ.

ಅನಾನಸ್ ಹಣ್ಣಿನ ನಡುದಂಟು ತೆಗೆದು, ಬೆರಳಗಲದ ತುಂಡು ಮಾಡಿ, ಕಾವಲಿಯಲ್ಲಿ ತುಪ್ಪ ಬಿಟ್ಟು ಹರಡಬೇಕು. ನಡುದಂಟಿನಲ್ಲೂ ಕಿಣ್ವ ಸಾಕಷ್ಟಿದೆ, ನಾರು ಬೇರೆ. ಮೊದಲು ರಸ ಬಿಟ್ಟು ಕುದಿಯುತ್ತದೆ. ಅದು ಇಂಗುವವರೆಗೂ ಕಾಯಬೇಕು, ಇಲ್ಲಿ ಅವಸರ ಕೂಡದು. ಇಂಗಿದ ಮೇಲೆ ಪುಡಿಬೆಲ್ಲ ಉದುರಿಸಿದರೆ ಹಣ್ಣಿನ ಅಂಚು ಕಂದು ಬಣ್ಣಕ್ಕೆ ತಿರುಗಿ ಪಾಕ ಹಿಡಿಯುತ್ತದೆ. ಕೊನೆಗೆ ಆಗತಾನೆ ಕುಟ್ಟಿದ ಕಾಳುಮೆಣಸು. ಮಲೆನಾಡಿನ ತೋಟದ ಮೆಣಸಾದರೆ ಅದರ ಘಾಟೇ ಬೇರೆ. ತಟ್ಟೆಗೆ ಹರಡಿ ಪೂರ್ತಿ ಆರಿಸಬೇಕು. ಇಂಥ ಹಣ್ಣನ್ನು ಚೀಸಿನೊಂದಿಗೆ ರಾತ್ರಿಯಿಡೀ ಇಟ್ಟರೂ ಕಹಿ ಬರುವುದಿಲ್ಲ. ಆದರೂ ನಾನು ಬೇರೆಬೇರೆಯೇ ಇಡುತ್ತೇನೆ, ಒಂದೊಂದರ ರುಚಿ ಪ್ರತ್ಯೇಕವಾಗಿ ಸಿಗಲಿ ಎಂದು. ಮಾವಾದರೆ ಬೇಯಿಸುವ ಅಗತ್ಯವಿಲ್ಲ. ಗಟ್ಟಿ ತಿರುಳಿನ ಬಾದಾಮಿ ಮಾವನ್ನು ಆಗಲೇ ಹೆಚ್ಚಿ, ಚಿಟಿಕೆ ಉಪ್ಪು, ಚಿಟಿಕೆ ಅಚ್ಚಖಾರದ ಪುಡಿ ಹಾಕಿದರೆ ಸಾಕು.

ಬ್ರೆಡ್ಡು ಒಂದು ದಿನ ಹಳೆಯದಾದರೆ ಒಳ್ಳೆಯದು. ಬೇಕರಿಯಲ್ಲಿ ಸ್ವೀಟ್ ಬ್ರೆಡ್ ಬೇಡ, ಸಾಲ್ಟ್ ಬ್ರೆಡ್ ಎಂದು ಕೇಳಿ ತನ್ನಿ, ಸಿಹಿಯದು ಬೇಗ ಸೀದು ಕಪ್ಪಾಗುತ್ತದೆ. ಸಣ್ಣ ಉರಿಯಲ್ಲಿ ಎರಡೂ ಬದಿ ಒಣಗುವ ತನಕ ಸುಟ್ಟು, ಚೀಸ್ ಹಚ್ಚುವ ಬದಿಗೆ ತುಪ್ಪ ಸವರಬೇಕು. ಈ ಪದರ ನೀರು ಒಳಕ್ಕಿಳಿಯುವುದನ್ನು ತಡೆಯುತ್ತದೆ. ಒಂದರ ಮೇಲೊಂದು ಪೇರಿಸಬೇಡಿ, ಮುಚ್ಚಬೇಡಿ, ಮೊರದಲ್ಲೋ ಜಾಲರಿಯ ಮೇಲೋ ಬಿಡಿಬಿಡಿಯಾಗಿ ಹರಡಿ. ತಿನ್ನುವವರು ಬಂದು ಕೂತ ಮೇಲೆಯೇ ಚೀಸ್ ಹಚ್ಚಿ ಹಣ್ಣಿಡಬೇಕು. ಎಷ್ಟೇ ಜನ ಇರಲಿ, ನಾನೀಗ ಹರಿವಾಣ ತುಂಬಾ ಮೊದಲೇ ಜೋಡಿಸುವುದಿಲ್ಲ. ಬ್ರೆಡ್ಡು, ಚೀಸು, ಹಣ್ಣು ಮೂರನ್ನೂ ಬೇರೆಬೇರೆ ಪಾತ್ರೆಯಲ್ಲಿ ನಡುವೆ ಇಟ್ಟು, ಬೇಕಾದವರು ಬೇಕಾದಷ್ಟು ಹಚ್ಚಿಕೊಳ್ಳಲಿ ಎನ್ನುತ್ತೇನೆ. ಮಕ್ಕಳಿಗೆ ಇದೇ ಹೆಚ್ಚು ಖುಷಿ.

ಮುಂದಿನ ಬೇಸಿಗೆಯಲ್ಲಿ ಊರಿಗೆ ಹೋದಾಗ ಹೀಗೆಯೇ ಮಾಡಿದೆ. ಬೆಂದ ಅನಾನಸ್ ಕಾವಲಿಯಿಂದ ಇಳಿಯುವ ಮುಂಚೆಯೇ ದೊಡ್ಡಮ್ಮ ಒಂದು ತುಂಡು ತೆಗೆದು ಬಾಯಿಗಿಟ್ಟರು. ಆ ವೇಳೆಗೆ ಮೈಯಲ್ಲಿ ಶಕ್ತಿ ತುಂಬಿಕೊಂಡು, ಅಡುಗೆಮನೆಯನ್ನು ಮತ್ತೆ ತಮ್ಮ ಕೈಗೆ ತೆಗೆದುಕೊಂಡಿದ್ದರು. ಚೀಸನ್ನೂ ನೆಕ್ಕಿ ನೋಡಿ, ಉಪ್ಪು ಸಾಲದು ಎಂದು ತಾವೇ ಹಾಕಿದರು. ಟೋಸ್ಟು ತಿಂದು ಚೆನ್ನಾಗಿದೆ ಎಂದರು. ಆದರೆ ಬ್ರೆಡ್ಡು ಅವರಿಗೆ ಒಗ್ಗಲಿಲ್ಲ, ಅಂಗುಳಿಗೆ ಚುಚ್ಚುತ್ತದೆಯಂತೆ. ಮರುದಿನ ಬೆಳಿಗ್ಗೆ ಅಕ್ಕಿರೊಟ್ಟಿ ತಟ್ಟಿ, ಕೆಂಡದ ಮೇಲೆ ಉಬ್ಬಿಸಿ, ಬಿಸಿ ಇರುವಾಗಲೇ ಅದರ ಮೇಲೆ ಚೀಸ್ ಸವರಿ ಬೆಲ್ಲದ ಅನಾನಸ್ ಇಟ್ಟು ಸುರುಳಿ ಸುತ್ತಿ ನನಗೊಂದು ಕೊಟ್ಟರು, ತಾವೊಂದು ತಿಂದರು. ಬಿಸಿರೊಟ್ಟಿಯ ಕಾವಿಗೆ ಚೀಸ್ ಇನ್ನಷ್ಟು ಮೆತ್ತಗಾಗಿ ಹಣ್ಣಿನ ಪಾಕದೊಂದಿಗೆ ಬೆರೆಯುತ್ತದೆ. ಗರಿಗರಿ ಬೇಕೆನ್ನುವವರಿಗೆ ಟೋಸ್ಟೇ ಸರಿ. ನನಗಂತೂ ರೊಟ್ಟಿಯದೇ ಮೇಲು ಎನಿಸಿತು. ಮನೆಗೆ ಬರುವ ನೆಂಟರಿಗೆ ಮೇ ತಿಂಗಳಲ್ಲಿ ದೊಡ್ಡಮ್ಮ ಈಗ ಅದನ್ನೇ ಮಾಡಿ ಬಡಿಸುತ್ತಾರೆ, ಹಾಲು ಒಡೆಸುವ ಕೆಲಸ ಮಾತ್ರ ನಾನು ಹೋದಾಗ ನನಗೇ ಬಿಡುತ್ತಾರೆ.